ಕೊಸರಾಗಿ ಕೊಟ್ಟ ಆಟಕ್ಕೆ ಬೆಲೆ ಎಷ್ಟು?

2020ರ ಮಾರ್ಚ್ 11. ಟೆಕ್ಸಾಸ್‌ನ ಫ್ರಿಸ್ಕೊ ಮೈದಾನದಲ್ಲಿ ಅಮೆರಿಕದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಜಪಾನ್ ಜೊತೆ ಪಂದ್ಯ. ಮೈ ಬಿಸಿ ಮಾಡಿಕೊಳ್ಳಲು ಇಳಿದ ಆಟಗಾರ್ತಿಯರನ್ನು ನೋಡಿದವರಿಗೆ ಮೊದಲಿಗೆ ಏನೋ ಎಡವಟ್ಟಾಗಿದೆ ಅನ್ನಿಸಿರಬೇಕು. ಎಲ್ಲರೂ ಅಂಗಿಯ ಒಳಮಗ್ಗುಲನ್ನು ಹೊರಗೆ ಮಾಡಿ ತೊಟ್ಟಿದ್ದರು. ಎದೆಯ ಮೇಲಿನ ಅಮೆರಿಕದ ಫುಟ್‌ಬಾಲ್ ಒಕ್ಕೂಟದ ಲಾಂಛನ ಒಳಗೆ ಸೇರಿಹೋಗಿತ್ತು. ಅದರ ನೆತ್ತಿಯಲ್ಲಿದ್ದ ನಾಲ್ಕು ನಕ್ಷತ್ರಗಳ ಅಚ್ಚು ಮಾತ್ರ ಬಟ್ಟೆಯ ಹಿಂಬದಿಯಿಂದ ಕಾಣುತ್ತಿತ್ತು. ಒಂದೊಂದು ನಕ್ಷತ್ರಕ್ಕೆ ಒಂದೊಂದು ವಿಶ್ವಕಪ್: 1991, 1999, 2015, 2019. ರಾಷ್ಟ್ರಗೀತೆಗೂ ಅವರು ಹಾಗೆಯೇ ಸಾಲಾಗಿ ನಿಂತರು.

ಕಾರಣ ಒಂದು ಕೋರ್ಟಿನ ಕಾಗದ. ಹಿಂದಿನ ವರ್ಷದ ಮಹಿಳಾ ದಿನದಂದು ತಂಡದ 28 ಆಟಗಾರ್ತಿಯರು ಸಮಾನ ವೇತನ ಕೇಳಿ ತಮ್ಮದೇ ಒಕ್ಕೂಟದ ಮೇಲೆ ದಾವೆ ಹೂಡಿದ್ದರು. ಒಕ್ಕೂಟದ ವಕೀಲರು ತಮ್ಮ ಉತ್ತರದಲ್ಲಿ, ಪುರುಷರ ಆಟಕ್ಕೆ ಹೆಚ್ಚಿನ ವೇಗ, ಶಕ್ತಿ ಬೇಕು, ಆದ್ದರಿಂದ ಅದು ಹೆಚ್ಚಿನ ಕೌಶಲದ ಕೆಲಸ ಎಂಬರ್ಥದ ವಾದ ಬರೆದುಕೊಟ್ಟರು. ಬರೆದದ್ದು ಯಾವ ತಂಡದ ಬಗ್ಗೆ? ಎಂಟು ತಿಂಗಳ ಹಿಂದೆ ಫ್ರಾನ್ಸ್‌ನ ಲಿಯೋನ್‌ನಲ್ಲಿ ನೆದರ್ಲೆಂಡ್ಸ್ ತಂಡವನ್ನು 2-0ಯಿಂದ ಸೋಲಿಸಿ, ಇಡೀ ಸ್ಟೇಡಿಯಂ ‘ಸಮಾನ ವೇತನ’ ಎಂದು ಕೂಗುತ್ತಿರುವಾಗ ಕಪ್ ಎತ್ತಿದ ತಂಡದ ಬಗ್ಗೆ. ಅದೇ ಒಕ್ಕೂಟದ ಪುರುಷರ ತಂಡ 2018ರ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆದಿರಲಿಲ್ಲ. ಅಂಗಿ ತಿರುಗಿದ ಮರುದಿನವೇ ಒಕ್ಕೂಟದ ಅಧ್ಯಕ್ಷ ಕಾರ್ಲೋಸ್ ಕಾರ್ಡೆರೊ ರಾಜೀನಾಮೆ ಕೊಟ್ಟರು. ಆ ಕುರ್ಚಿಗೆ ಬಂದವರು ಸಿಂಡಿ ಪಾರ್ಲೋ ಕೋನ್, 1999ರಲ್ಲಿ ಕಪ್ ಗೆದ್ದ ತಂಡದ ಆಟಗಾರ್ತಿ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆಂದ, ಆದರೆ ಅರ್ಧ ಸತ್ಯ. ಎರಡು ತಿಂಗಳ ನಂತರ ನ್ಯಾಯಾಧೀಶ ಗ್ಯಾರಿ ಕ್ಲಾಸ್ನರ್ ವೇತನದ ದೂರನ್ನು ತಳ್ಳಿಹಾಕಿದರು. ಅವರ ಲೆಕ್ಕವನ್ನು ಗಂಡಾಳಿಕೆಯ ಮಾತೆಂದು ತೆಗೆದುಹಾಕುವುದು ಸುಲಭವಲ್ಲ. ದಾವೆಗೆ ಸಂಬಂಧಿಸಿದ ವರ್ಷಗಳಲ್ಲಿ ಮಹಿಳೆಯರಿಗೆ ಪಂದ್ಯವೊಂದಕ್ಕೆ ಸರಾಸರಿ 2.2 ಲಕ್ಷ ಡಾಲರ್ ಸಂದಿತ್ತು, ಪುರುಷರಿಗೆ 2.12 ಲಕ್ಷ. ಅಂದರೆ ಮಹಿಳೆಯರಿಗೇ ಒಂದಿಷ್ಟು ಹೆಚ್ಚು! ಅಲ್ಲದೆ ಪುರುಷರ ಒಪ್ಪಂದ ಆಡಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ ಎಂಬ ಬಗೆಯದಾಗಿತ್ತು. ಮಹಿಳೆಯರು ಆ ಮಾದರಿ ಬೇಡವೆಂದು ನಿಗದಿತ ಸಂಬಳ ಮತ್ತು ಇತರ ಸೌಲಭ್ಯಗಳನ್ನು ಆರಿಸಿಕೊಂಡಿದ್ದರು. ಭದ್ರತೆ ಬೇಕೆಂದವರು ಆಮೇಲೆ ಬೋನಸ್ ಕಡಿಮೆಯಾಯಿತು ಎನ್ನುವಂತಿಲ್ಲ ಎಂಬುದು ತೀರ್ಪಿನ ಧಾಟಿ.

ಲೆಕ್ಕ ತಪ್ಪಲ್ಲ. ತಕ್ಕಡಿಯಲ್ಲಿ ಇಟ್ಟದ್ದು ಮಾತ್ರ ಬೇರೆ ಬೇರೆ ಸರಕು. ಒಂದು ತಂಡ ವಿಶ್ವಕಪ್ ಗೆದ್ದು ಗಳಿಸಿದ್ದನ್ನು, ವಿಶ್ವಕಪ್‌ಗೆ ಹೋಗಲೂ ಆಗದ ತಂಡ ಗಳಿಸಿದ್ದರ ಜೊತೆ ತೂಗಿ ‘ನೋಡಿ, ಸಮ’ ಅಂದರೆ ಅದನ್ನು ಸಮಾನ ವೇತನ ಎನ್ನಲು ಬರುವುದಿಲ್ಲ. ಡಬಲ್ ಶಿಫ್ಟ್ ಮಾಡಿದವಳಿಗೂ ಅರ್ಧ ದಿನ ಬಂದವನಿಗೂ ತಿಂಗಳ ಕೊನೆಗೆ ಒಂದೇ ಮೊತ್ತ ಬಂದರೆ, ಗಂಟೆಯ ಕೂಲಿ ಎಷ್ಟೆಂದು ಕೇಳಬೇಕಾಗುತ್ತದೆ.

ಇನ್ನು ಗಳಿಕೆ. ‘ಮಹಿಳಾ ಫುಟ್‌ಬಾಲ್ ದುಡ್ಡು ತರುವುದಿಲ್ಲ, ಎಲ್ಲಿಂದ ಕೊಡೋಣ’ ಎಂಬುದು ಲೋಕವೆಲ್ಲ ಓಡಾಡುವ ಮಾತು. 2016ರಿಂದ 2018ರವರೆಗಿನ ಒಕ್ಕೂಟದ ಲೆಕ್ಕಪತ್ರವನ್ನು ವಾಲ್ ಸ್ಟ್ರೀಟ್ ಜರ್ನಲ್ ತೆರೆದು ನೋಡಿದಾಗ, ಮಹಿಳೆಯರ ಪಂದ್ಯಗಳಿಂದ 5.08 ಕೋಟಿ ಡಾಲರ್, ಪುರುಷರ ಪಂದ್ಯಗಳಿಂದ 4.99 ಕೋಟಿ ಡಾಲರ್ ಬಂದಿತ್ತು. ಇದು ಮೈದಾನದ ಗಳಿಕೆಯಷ್ಟೇ. ಟಿವಿ ಹಕ್ಕು ಮತ್ತು ಪ್ರಾಯೋಜಕತ್ವವನ್ನು ಒಕ್ಕೂಟ ಎರಡೂ ತಂಡಗಳಿಗೆ ಸೇರಿಸಿ ಒಂದೇ ಗಂಟಿನಲ್ಲಿ ಕಟ್ಟಿ ಮಾರುತ್ತಿತ್ತು. ಗಂಟು ಬಿಚ್ಚದೆ ಯಾರ ಪಾಲೆಷ್ಟು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಈ ಗಂಟಿನ ವ್ಯಾಪಾರ ಅಮೆರಿಕದ್ದೊಂದೇ ಅಲ್ಲ. ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ ವರ್ಷಾನುಗಟ್ಟಲೆ ಮಹಿಳಾ ವಿಶ್ವಕಪ್‌ನ ಪ್ರಸಾರ ಹಕ್ಕನ್ನು ಪುರುಷರ ವಿಶ್ವಕಪ್ ಕೊಂಡ ಟಿವಿ ಸಂಸ್ಥೆಗಳಿಗೆ ಜೊತೆಗೇ ಸೇರಿಸಿ ಕೊಟ್ಟುಬಿಡುತ್ತಿತ್ತು. ನಮ್ಮ ಸಂತೆಯ ಮಾತಿನಲ್ಲಿ ಇದಕ್ಕೆ ಕೊಸರು ಅನ್ನುತ್ತಾರೆ. ಎರಡು ಕೆಜಿ ಬೀನ್ಸ್ ಕೊಂಡವರ ಚೀಲಕ್ಕೆ ನಾಲ್ಕು ಕಡ್ಡಿ ಕೊತ್ತಂಬರಿ, ಒಂದೆಸಳು ಕರಿಬೇವು. 2023ರ ವಿಶ್ವಕಪ್‌ಗೆ ಮೊದಲ ಬಾರಿಗೆ ಫಿಫಾ ಆ ಕೊತ್ತಂಬರಿಯನ್ನು ಬೇರೆ ತೂಗಿ ಮಾರಲು ಕೂತಿತು. ಯುರೋಪಿನ ಟಿವಿಗಳು ಹೇಳಿದ ದರ ಕೇಳಿ ಅಧ್ಯಕ್ಷ ಜಿಯಾನಿ ಇನ್ಫ್ಯಾಂಟಿನೊ ಕೆರಳಿದರು. ಪುರುಷರ ಟೂರ್ನಿಗೆ ಹತ್ತು, ಇಪ್ಪತ್ತು ಕೋಟಿ ಡಾಲರ್ ಕೊಡುವವರು ಇದಕ್ಕೆ ಹತ್ತು ಲಕ್ಷದಿಂದ ಒಂದು ಕೋಟಿಯವರೆಗೆ ಮಾತ್ರ ಹೇಳುತ್ತಿದ್ದಾರೆ, ಹೀಗಾದರೆ ಐದು ದೊಡ್ಡ ದೇಶಗಳಲ್ಲಿ ಪ್ರಸಾರವೇ ಇರುವುದಿಲ್ಲ ಎಂದು ಬೆದರಿಸಿದರು. ಟೂರ್ನಿಗೆ ತಿಂಗಳಿರುವಾಗ ಹೇಗೋ ಒಪ್ಪಂದವಾಯಿತು. ಕೋಪ ನ್ಯಾಯವಾದದ್ದೇ. ಆದರೆ ಅಷ್ಟು ವರ್ಷ ಕೊಸರಾಗಿ ಹಂಚಿದ್ದು ಯಾವ ಅಂಗಡಿ ಎಂದು ಅಂದು ಯಾರಾದರೂ ಅವರನ್ನು ಕೇಳಬೇಕಿತ್ತು. ಪುಕ್ಕಟೆ ತಿಂದು ರೂಢಿಯಾದ ಗಿರಾಕಿ ಒಮ್ಮೆಗೇ ಪೂರ್ತಿ ಬೆಲೆ ಕೊಡುವುದು ಯಾವ ಸಂತೆಯಲ್ಲೂ ಇಲ್ಲ. ಆ ಟೂರ್ನಿಗೆ ಬಂದ ಜನ ಸುಮಾರು 20 ಲಕ್ಷ. ಆಸ್ಟ್ರೇಲಿಯಾ–ಇಂಗ್ಲೆಂಡ್ ಸೆಮಿಫೈನಲ್ ಅನ್ನು ಸಿಡ್ನಿಯ ಮೈದಾನದಲ್ಲಿ 75,784 ಜನ ನೋಡಿದರು. ಟಿವಿ ಮುಂದೆ ಕೂತ ಆಸ್ಟ್ರೇಲಿಯನ್ನರು ಸರಾಸರಿ 70 ಲಕ್ಷಕ್ಕೂ ಹೆಚ್ಚು.

ಬೆಲೆಯ ಈ ಆಟ ಎಲ್ಲಕ್ಕಿಂತ ಬಿಚ್ಚಾಗಿ ಕಾಣುವುದು ಟಿಕೆಟ್ ಕಿಟಕಿಯಲ್ಲಿ. ಲಂಡನ್ನಿನ ವೆಂಬ್ಲಿಯನ್ನೇ ತೆಗೆದುಕೊಳ್ಳಿ. 2021ರ ಜುಲೈನಲ್ಲಿ ಅಲ್ಲಿ ಪುರುಷರ ಯೂರೊ ಕಪ್ ಫೈನಲ್ ನಡೆಯಿತು. ಮೇಲ್ದರ್ಜೆಯ ಟಿಕೆಟ್ 945 ಯೂರೊ, ತೀರಾ ಕೆಳಗಿನದು 95. ಮರುವರ್ಷದ ಜುಲೈನಲ್ಲಿ ಅದೇ ಹುಲ್ಲು, ಅದೇ ಕುರ್ಚಿಗಳು, ಮಹಿಳೆಯರ ಯೂರೊ ಫೈನಲ್, ಇಂಗ್ಲೆಂಡ್–ಜರ್ಮನಿ. ಆ ಟೂರ್ನಿಯ ಟಿಕೆಟ್ ದರ 5 ಪೌಂಡ್‌ನಿಂದ ಶುರುವಾಗಿ 50 ಪೌಂಡ್‌ಗೆ ಮುಗಿಯುತ್ತಿತ್ತು. ಅಂದು ಒಳಗೆ ಬಂದವರು 87,192. ಗಂಡಸರದ್ದಿರಲಿ ಹೆಂಗಸರದ್ದಿರಲಿ, ಯೂರೊ ಅಂತಿಮ ಸುತ್ತಿನ ಪಂದ್ಯವೊಂದಕ್ಕೆ ಅಷ್ಟು ಜನ ಅದುವರೆಗೆ ಸೇರಿರಲಿಲ್ಲ. 2021ರ ಫೈನಲ್‌ಗೆ ಕೋವಿಡ್ ಕಾರಣಕ್ಕೆ ಮಿತಿ ಇತ್ತೆಂಬುದು ನಿಜ, ಆದರೆ ಮುರಿದ ದಾಖಲೆ 1964ರದ್ದು.

ಜನ ಹೆಚ್ಚು, ದುಡ್ಡು ಕಡಿಮೆ. ಹಾಗಾದರೆ ಮಹಿಳೆಯರ ಟಿಕೆಟ್ ದರವನ್ನೂ 945ಕ್ಕೆ ಏರಿಸಿ ಸಮಾನತೆ ತರೋಣವೇ? ಇಲ್ಲಿ ಸಮಾನ ವೇತನದ ಪರ ಇರುವವರೂ ಎರಡು ಪಾಲಾಗುತ್ತಾರೆ. ಅಗ್ಗದ ಟಿಕೆಟ್ ಎಂದರೆ ಆಟವೇ ಅಗ್ಗ ಎಂಬ ಸಂದೇಶ ಹೋಗುತ್ತದೆ ಎಂದು ಒಂದು ಪಾಲು. ಅಗ್ಗವಾದ್ದರಿಂದಲೇ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಟ್ಟಿಗೆ ಬರುತ್ತಿದ್ದಾರೆ ಎಂದು ಇನ್ನೊಂದು ಪಾಲು. ಎರಡರಲ್ಲೂ ಹುರುಳಿದೆ. 2014ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಮಹಿಳಾ ತಂಡ ಹೊಸ ವೆಂಬ್ಲಿಯಲ್ಲಿ ಮೊದಲ ಬಾರಿ ಆಡಿದಾಗ 55,000 ಟಿಕೆಟ್ ಖರ್ಚಾಗಿತ್ತು, ಬಂದವರು 45,619. ಒಂದು ಸಿನಿಮಾದ ಬೆಲೆಗೂ ಕಡಿಮೆ ಕೊಟ್ಟ ಟಿಕೆಟ್ ಅನ್ನು ಮಳೆ ಹನಿದರೆ, ಮಗುವಿಗೆ ನೆಗಡಿಯಾದರೆ ಜೇಬಿನಲ್ಲೇ ಬಿಡಲು ಮನಸ್ಸು ಹಿಂದೆ ಮುಂದೆ ನೋಡುವುದಿಲ್ಲ. ಪುಕ್ಕಟೆಯದನ್ನಂತೂ ಕೇಳಲೇಬೇಡಿ.

ಆದರೂ ಬೆಲೆ ಏರಿಸಿ ಸಮ ಮಾಡುವುದು ಹುಚ್ಚು ಕೆಲಸ. ಪುರುಷರ ಫುಟ್‌ಬಾಲ್‌ನ ಟಿಕೆಟ್ ದರವೇ ಆದರ್ಶವೆಂದು ಯಾರು ಹೇಳಿದರು? 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ಕ್ಲಬ್ ಅತಿ ದುಬಾರಿ ಟಿಕೆಟ್ ಅನ್ನು 77 ಪೌಂಡ್‌ಗೆ ಏರಿಸುವುದಾಗಿ ಹೇಳಿದಾಗ, ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸರಿಯಾಗಿ ಸುಮಾರು 10,000 ಜನ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು, ಪಂದ್ಯ 2-2ರಲ್ಲಿ ಮುಗಿಯಿತು. ನಾಲ್ಕೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಹಿಂತೆಗೆದರು. 2026ರ ಪುರುಷರ ವಿಶ್ವಕಪ್ ಫೈನಲ್‌ಗೆ ಮೊದಲು ಪ್ರಕಟವಾದ ಮೇಲ್ದರ್ಜೆಯ ದರ 6,730 ಡಾಲರ್. ಅಂಥ ಕಡೆ ಹೋಗಿ ಸಮಾನತೆ ಹುಡುಕುವುದಕ್ಕಿಂತ, ಮಹಿಳೆಯರ ಪಂದ್ಯದ ಟಿಕೆಟ್ ಕಿಟಕಿಯನ್ನು ಗಂಡಸರ ಕ್ಲಬ್‌ಗಳು ಬಂದು ನೋಡಿ ಕಲಿಯುವುದು ವಾಸಿ. ಟಿಕೆಟ್ ಅಗ್ಗವಿರಲಿ, ಪುಕ್ಕಟೆ ಬೇಡ. ಸೀಸನ್‌ನಿಂದ ಸೀಸನ್‌ಗೆ ಒಂದೊಂದು ಮೆಟ್ಟಿಲು ಏರಲಿ.

ತಕರಾರು ಇರುವುದು ಬೇರೆ ಕಡೆ. ಟಿಕೆಟ್ ಅನ್ನು ಐದು ಪೌಂಡ್‌ಗೆ ಇಟ್ಟ ಕಚೇರಿಯೇ ಮರುದಿನ ಸಂಬಳದ ಮಾತುಕತೆಗೆ ಕೂತು ‘ನಿಮ್ಮ ಗೇಟ್ ಕಲೆಕ್ಷನ್ ನೋಡಿ’ ಅನ್ನುತ್ತದಲ್ಲ, ಅದು. ಅಗ್ಗದ ದರ ಆಟ ಬೆಳೆಸುವ ಹೂಡಿಕೆಯಾದರೆ ಅದರ ಖರ್ಚು ಹೂಡಿದವರ ಖಾತೆಗೆ ಹೋಗಬೇಕು, ಆಟಗಾರ್ತಿಯ ಸಂಬಳದ ಚೀಟಿಗಲ್ಲ.

ಮಾರುಕಟ್ಟೆ ತನ್ನಷ್ಟಕ್ಕೆ ಬೆಲೆ ಕಟ್ಟಿತು ಎನ್ನುವವರು 1920ರ ಡಿಸೆಂಬರ್ 26ನ್ನು ಒಮ್ಮೆ ನೆನೆಯಬೇಕು. ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ಎಂಬ, ಪ್ರೆಸ್ಟನ್ನಿನ ಕಾರ್ಖಾನೆಯ ಹೆಣ್ಣಾಳುಗಳ ತಂಡ ಸೇಂಟ್ ಹೆಲೆನ್ಸ್ ವಿರುದ್ಧ ಆಡಿತು. ಒಳಗೆ 53,000 ಜನ, ಗೇಟ್ ಮುಚ್ಚಿದ ಮೇಲೆ ಹೊರಗೆ ಇನ್ನೂ ಸಾವಿರಾರು. ಕೂಡಿದ 3,115 ಪೌಂಡ್ ಮಾಜಿ ಸೈನಿಕರ ನೆರವಿಗೆ ಹೋಯಿತು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಸದಸ್ಯ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡಕೂಡದೆಂದು ನಿಷೇಧ ಹೇರಿತು. ಆಟ ಹೆಣ್ಣಿಗೆ ತಕ್ಕುದಲ್ಲ, ಕೂಡಿದ ದುಡ್ಡು ಸರಿಯಾಗಿ ದಾನಕ್ಕೆ ಹೋಗುತ್ತಿಲ್ಲ ಎಂಬ ಎರಡು ನೆಪ. ನಿಷೇಧ ತೆರವಾಗಲು ಸುಮಾರು ಅರ್ಧ ಶತಮಾನ ಬೇಕಾಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇದೇ ಪಾಡು. ಪುರುಷರ ಕ್ಲಬ್‌ಗಳು ಟಿವಿ, ಜಾಹೀರಾತು, ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವ ಅಭಿಮಾನ ಎಲ್ಲವನ್ನೂ ಕಟ್ಟಿಕೊಂಡದ್ದು ಆ ಐವತ್ತು ವರ್ಷಗಳಲ್ಲೇ. ಅಂಗಡಿಗೆ ಬೀಗ ಜಡಿದವರೇ ವ್ಯಾಪಾರ ಡಲ್ಲು ಅಂದರೆ ಏನು ಹೇಳುವುದು?

ಮತ್ತೆ ಅಮೆರಿಕಕ್ಕೆ. 2022ರ ಫೆಬ್ರುವರಿಯಲ್ಲಿ ಒಕ್ಕೂಟ 2.4 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. 2.2 ಕೋಟಿ ಆಟಗಾರ್ತಿಯರಿಗೆ, ಉಳಿದದ್ದು ಅವರ ನಿವೃತ್ತಿ ನಂತರದ ಬದುಕಿಗೂ ಹುಡುಗಿಯರ ಆಟಕ್ಕೂ ಮೀಸಲಾದ ನಿಧಿಗೆ. ಮೇ ತಿಂಗಳಲ್ಲಿ ಇನ್ನೂ ದೊಡ್ಡ ಒಪ್ಪಂದ ಬಂತು. ಪಂದ್ಯ ಶುಲ್ಕ ಸಮ, ಬೋನಸ್ ಸಮ. ಅಷ್ಟೇ ಅಲ್ಲ, ಫಿಫಾದಿಂದ ಎರಡೂ ತಂಡಗಳಿಗೆ ಬರುವ ವಿಶ್ವಕಪ್ ಬಹುಮಾನವನ್ನು ಒಂದೇ ಹುಂಡಿಗೆ ಹಾಕಿ, ಒಕ್ಕೂಟದ ಪಾಲು ತೆಗೆದು, ಸಮನಾಗಿ ಹಂಚಿಕೊಳ್ಳುವುದು. ಇದಕ್ಕೆ ಪುರುಷರ ತಂಡ ಒಪ್ಪಿ ಸಹಿ ಹಾಕಿತು. ಏನನ್ನು ಬಿಟ್ಟುಕೊಟ್ಟರು ಎಂಬುದು ಆ ವರ್ಷದ ಡಿಸೆಂಬರ್‌ನಲ್ಲೇ ತಿಳಿಯಿತು. ಕತಾರ್‌ನಲ್ಲಿ ಅಮೆರಿಕದ ಪುರುಷರು 16ರ ಘಟ್ಟದಲ್ಲಿ ನೆದರ್ಲೆಂಡ್ಸ್‌ಗೆ 3-1ರಿಂದ ಸೋತು ಮನೆಗೆ ಹೊರಟರು. ಆ ಸೋಲಿಗೆ ಫಿಫಾ ಕೊಟ್ಟದ್ದು 1.3 ಕೋಟಿ ಡಾಲರ್. ಮಹಿಳೆಯರು 2015 ಮತ್ತು 2019ರ ಎರಡೂ ಕಪ್ ಗೆದ್ದದ್ದಕ್ಕೆ ಒಟ್ಟು ಬಂದದ್ದು 60 ಲಕ್ಷ. ಎರಡು ಸಲ ಜಗತ್ತು ಗೆದ್ದದ್ದಕ್ಕಿಂತ ಒಂದು ಸಲ ಹದಿನಾರರಲ್ಲಿ ಸೋತದ್ದಕ್ಕೆ ದುಪ್ಪಟ್ಟು! ಇಷ್ಟು ಒಗರಾದ ಲೆಕ್ಕ ಈ ಇಡೀ ವಿವಾದದಲ್ಲಿ ಇನ್ನೊಂದಿಲ್ಲ.

ದೇಶದ ಅಂಗಿ ತೊಟ್ಟವರಿಗೆ ಸಮ ಕೊಡುವುದರಲ್ಲಿ ಕಾಯುವಂಥದ್ದೇನೂ ಇಲ್ಲ. ರಾಷ್ಟ್ರೀಯ ಒಕ್ಕೂಟಗಳು ಲಾಭದ ಅಂಗಡಿಗಳಲ್ಲ. ನಾರ್ವೆ 2017ರಲ್ಲೇ ಇದನ್ನು ಮಾಡಿತು, ಅಲ್ಲಿಯ ಪುರುಷ ಆಟಗಾರರು ತಮ್ಮ ಜಾಹೀರಾತು ಗಳಿಕೆಯ 5.5 ಲಕ್ಷ ಕ್ರೋನ ಬಿಟ್ಟುಕೊಟ್ಟರು. ಆಸ್ಟ್ರೇಲಿಯಾ, ಬ್ರೆಜಿಲ್, ಇಂಗ್ಲೆಂಡ್ ಒಂದಲ್ಲ ಒಂದು ರೂಪದಲ್ಲಿ ಹಿಂದೆಯೇ ಬಂದವು. ಫಿಫಾ ಮಾತ್ರ ಹಿಂದುಳಿದಿದೆ: 2022ರ ಪುರುಷರ ವಿಶ್ವಕಪ್‌ಗೆ 44 ಕೋಟಿ ಡಾಲರ್ ಬಹುಮಾನ, 2023ರ ಮಹಿಳೆಯರದ್ದಕ್ಕೆ 11 ಕೋಟಿ. 2019ರಲ್ಲಿ ಅದು 3 ಕೋಟಿಯಿತ್ತು ಎಂಬುದನ್ನೂ ಹೇಳಬೇಕು.

ಕ್ಲಬ್‌ಗಳ ಮಾತು ಬೇರೆ. ಅಲ್ಲಿ ಗಂಡಸರಲ್ಲೇ ಒಬ್ಬನಿಗೆ ಕೋಟಿ, ಪಕ್ಕದವನಿಗೆ ಅದರ ಚೂರು. ಸಮಾನ ವೇತನದ ಘೋಷಣೆಯನ್ನು ಹಾಗೇ ಎತ್ತಿ ಅಲ್ಲಿಗೆ ಒಯ್ದರೆ ನಿಲ್ಲುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಕೆಳಗಿನ ಗೆರೆ ಎಲ್ಲಿದೆ ಎಂದು. 2023ರ ಆಗಸ್ಟ್ 20ರಂದು ಸ್ಪೇನ್ ಮಹಿಳೆಯರು ವಿಶ್ವಕಪ್ ಗೆದ್ದರು. ವೇದಿಕೆಯ ಮೇಲೆ ಒಕ್ಕೂಟದ ಅಧ್ಯಕ್ಷ ಆಟಗಾರ್ತಿಗೆ ಕೊಟ್ಟ ಬಲವಂತದ ಮುತ್ತಿನ ಸುದ್ದಿ ತಿಂಗಳಿಡೀ ಓಡಿತು. ಅದೇ ಸೆಪ್ಟೆಂಬರ್‌ನಲ್ಲಿ ಆ ದೇಶದ ಮಹಿಳಾ ಲೀಗ್‌ನ ಮೊದಲ ಸುತ್ತು ಮುಷ್ಕರದಿಂದ ನಡೆಯಲೇ ಇಲ್ಲ ಎಂಬುದು ಅಷ್ಟು ಜನರಿಗೆ ಮುಟ್ಟಲಿಲ್ಲ. ಜಗಳ ಕನಿಷ್ಠ ವೇತನದ್ದು. ವರ್ಷಕ್ಕೆ 16,000 ಯೂರೊ ಇದ್ದದ್ದು 21,000ಕ್ಕೆ ಬಂದು ನಿಂತಿತು. ಪುರುಷರ ಲೀಗ್‌ನಲ್ಲಿ ಕನಿಷ್ಠವೇ 1.8 ಲಕ್ಷದ ಆಚೆ.

ಕ್ಲಬ್ ಮಟ್ಟದಲ್ಲೂ ಸಮ ಹಂಚಿದವರು ಇಲ್ಲವೆಂದಲ್ಲ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಲೂಯಿಸ್ ಎಂಬ ಪುಟ್ಟ ಊರು, ಅಭಿಮಾನಿಗಳೇ ಮಾಲೀಕರಾಗಿರುವ ಕ್ಲಬ್, ‘ಡ್ರಿಪ್ಪಿಂಗ್ ಪ್ಯಾನ್’ ಎಂಬ ಅಡುಗೆಮನೆ ಹೆಸರಿನ ಮೈದಾನ. 2017ರಿಂದ ಅದು ಎರಡೂ ತಂಡಗಳಿಗೆ ಒಂದೇ ಬಜೆಟ್ ಇಟ್ಟಿತು. 2023ರ ಮಾರ್ಚ್‌ನಲ್ಲಿ ಅಲ್ಲಿಯ ಮಹಿಳೆಯರು ಎಫ್‌ಎ ಕಪ್ ಕ್ವಾರ್ಟರ್ ಫೈನಲ್‌ವರೆಗೆ ಬಂದು ಮ್ಯಾಂಚೆಸ್ಟರ್ ಯುನೈಟೆಡ್‌ಗೆ 3-1ರಿಂದ ಸೋತರು. ಮರುವರ್ಷ ತಂಡ ಕೆಳಗಿನ ಲೀಗ್‌ಗೆ ಇಳಿಯಿತು. ದೊಡ್ಡ ಕ್ಲಬ್‌ಗಳು ಮಹಿಳಾ ತಂಡಕ್ಕೆ ದುಡ್ಡು ಸುರಿಯತೊಡಗಿದಾಗ ಸಣ್ಣವರು ಒದ್ದಾಡುವುದು ಈ ಏಳಿಗೆಯ ಇನ್ನೊಂದು ಮುಖ. ಎಫ್‌ಎ ಕಪ್‌ನ ಬಹುಮಾನವನ್ನೇ ನೋಡಿ: 2022ರಲ್ಲಿ ಗೆದ್ದ ಪುರುಷರಿಗೆ 18 ಲಕ್ಷ ಪೌಂಡ್, ಮಹಿಳೆಯರಿಗೆ 25,000. ಕೂಗೆದ್ದ ಮೇಲೆ ಮರುವರ್ಷ ಒಂದು ಲಕ್ಷವಾಯಿತು. ಎರಡೂ ಟೂರ್ನಿ ನಡೆಸುವುದು ಅದೇ ಅಸೋಸಿಯೇಷನ್, 1921ರದ್ದೇ.

ನಮ್ಮ ಮನೆಗಳಿಗೆ ಈ ಚರ್ಚೆ ಬಂದದ್ದು ಕ್ರಿಕೆಟ್ ಬಾಗಿಲಿನಿಂದ. 2022ರ ಅಕ್ಟೋಬರ್ 27ರಂದು ಬಿಸಿಸಿಐ ಪಂದ್ಯ ಶುಲ್ಕ ಸಮ ಮಾಡಿತು: ಟೆಸ್ಟ್‌ಗೆ 15 ಲಕ್ಷ ರೂಪಾಯಿ, ಏಕದಿನಕ್ಕೆ 6, ಟಿ20ಗೆ 3. ಶ್ಲಾಘ್ಯ. ಆದರೆ ಆಗಿನ ವಾರ್ಷಿಕ ಗುತ್ತಿಗೆಯಲ್ಲಿ ಪುರುಷರ ಮೇಲ್ದರ್ಜೆಗೆ 7 ಕೋಟಿ, ಮಹಿಳೆಯರ ಮೇಲ್ದರ್ಜೆಗೆ 50 ಲಕ್ಷ. ಅದನ್ನು ಯಾರೂ ಮುಟ್ಟಲಿಲ್ಲ. ‘ಈ ಸಲ ಕಪ್ ನಮ್ದೇ’ ಎಂದು ಹದಿನಾರು ವರ್ಷ ಹೇಳಿಕೊಂಡು ಬಂದ ಬೆಂಗಳೂರಿಗೆ 2024ರ ಮಾರ್ಚ್‌ನಲ್ಲಿ ಮೊದಲ ಕಪ್ ತಂದವರು ಸ್ಮೃತಿ ಮಂದಾನಾ ತಂಡದವರು, ಗಂಡಸರಿಗಿಂತ ಒಂದು ವರ್ಷ ಮುಂಚೆ. 2025ರ ಮಹಿಳಾ ವಿಶ್ವಕಪ್ ಟಿಕೆಟ್ 100 ರೂಪಾಯಿಯಿಂದ ಶುರುವಾಯಿತು, ಬಹುಮಾನದ ಒಟ್ಟು ಮೊತ್ತ 1.388 ಕೋಟಿ ಡಾಲರ್, ಎರಡು ವರ್ಷ ಹಿಂದಿನ ಪುರುಷರ ವಿಶ್ವಕಪ್‌ಗಿಂತಲೂ ಹೆಚ್ಚು. ಅಗ್ಗದ ಟಿಕೆಟ್ ಮತ್ತು ದೊಡ್ಡ ಬಹುಮಾನ ಒಂದೇ ಟೂರ್ನಿಯಲ್ಲಿ ಜೊತೆಗೆ ಬಾಳಬಲ್ಲವು ಎಂಬುದಕ್ಕೆ ದೂರ ಹೋಗಬೇಕಿಲ್ಲ.

ಭಾರತದ ಫುಟ್‌ಬಾಲ್‌ಗೆ ಆ ದಿನ ಇನ್ನೂ ದೂರ. ಇಂಡಿಯನ್ ವುಮೆನ್ಸ್ ಲೀಗ್‌ನ ಕ್ಲಬ್‌ಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗಾದರೂ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಗುತ್ತಿಗೆ ಕೊಡಬೇಕೆಂದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ (ಎಐಎಫ್‌ಎಫ್) ತೀರ್ಮಾನಿಸಿದ್ದೇ 2023ರಲ್ಲಿ. ತಿಂಗಳಿಗೆ ಇಪ್ಪತ್ತಾರು, ಇಪ್ಪತ್ತೇಳು ಸಾವಿರ. ಅದೇ ವರ್ಷ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ ಆ ಲೀಗ್‌ನ ಫೈನಲ್ ತಲುಪಿ ಗೋಕುಲಂ ಕೇರಳಕ್ಕೆ ಸೋತಿತು. ನಗರದಲ್ಲಿ ಎಷ್ಟು ಜನರಿಗೆ ಗೊತ್ತಾಯಿತೋ! 2025ರ ಜುಲೈ 5ರಂದು ಭಾರತದ ಮಹಿಳೆಯರು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿದರು. ಎರಡೂ ಗೋಲು ಸಂಗೀತಾ ಬಸ್‌ಫೋರ್ ಅವರದು. ಪುರುಷರ ತಂಡ ಎಡವುತ್ತಿದ್ದ ದಿನಗಳವು.

ಇಲ್ಲಿ ಸಮಾನತೆಯ ದೊಡ್ಡ ಮಾತಿಗಿಂತ ಮೊದಲು ಎರಡು ಸಣ್ಣ ಕೆಲಸಗಳಾಗಬೇಕು. ಮಹಿಳಾ ಲೀಗ್‌ನ ಪ್ರಸಾರ, ಪ್ರಾಯೋಜಕತ್ವ, ಗೇಟಿನ ದುಡ್ಡಿಗೆ ಬೇರೆಯೇ ಖಾತೆ ತೆರೆದು ವರ್ಷಕ್ಕೊಮ್ಮೆ ಪ್ರಕಟಿಸುವುದು ಒಂದು. ಕಿಕ್‌ಸ್ಟಾರ್ಟ್ ತವರಿನಲ್ಲಿ ಆಡುವ ದಿನ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಆಗಲಿ ಮತ್ತೊಂದಾಗಲಿ, ಗೇಟಿನಲ್ಲಿ ಮೇಜು ಹಾಕಿ ಐವತ್ತು ರೂಪಾಯಿಗೆ ಟಿಕೆಟ್ ಹರಿದು ಕೊಡುವುದು ಇನ್ನೊಂದು. ಅದರ ಮೇಲೆ ತಂಡದ ಹೆಸರು, ತಾರೀಕು, ಸೀಟಿನ ಸಂಖ್ಯೆ ಅಚ್ಚಾಗಿರಲಿ. ಶಾಲೆಯ ಹುಡುಗಿಯರಿಗೆ ಇಪ್ಪತ್ತೈದು ಸಾಕು.